ಮದ್ರಸ ದಾರಿಯಲ್ಲಿ ನಾಯಿ ಎದುರಾದರೆ: ಮಕ್ಕಳಿಗೆ ಕಲಿಸಬೇಕಾದ್ದು, ಮನೆಯವರು ತಿಳಿದಿರಬೇಕಾದ್ದು

2022ರ ಸೆಪ್ಟಂಬರ್‌ನಲ್ಲಿ ಬೇಕಲದ ಹದ್ದಾದ್ ನಗರದ ಒಂದು ವೀಡಿಯೊ ಕಾಸರಗೋಡಿನ ಬಹುತೇಕ ಎಲ್ಲ ವಾಟ್ಸ್ಆ್ಯಪ್ ಗ್ರೂಪುಗಳಲ್ಲೂ ಹರಿದಾಡಿತ್ತು. ಏರ್‌ಗನ್ ಹಿಡಿದ ತಂದೆಯೊಬ್ಬರು ಮುಂದೆ ನಡೆಯುತ್ತಿದ್ದಾರೆ, ಮದ್ರಸಕ್ಕೆ ಹೊರಟ ಮಕ್ಕಳ ಸಾಲು ಹಿಂದೆ. ಬೀದಿ ನಾಯಿಗಳು ಮೇಲೆ ಬಿದ್ದರೆ ಗುಂಡು ಹಾರಿಸುತ್ತೇನೆ ಎಂಬ ಮಾತೂ ಅದರಲ್ಲಿತ್ತು. ನೋಡಿದವರಲ್ಲಿ ಕೆಲವರು ನಕ್ಕರು, ಕೆಲವರು ಭಲೇ ಎಂದರು. ಬೇಕಲ ಪೊಲೀಸರು ಅವರ ಮೇಲೆ ಕೇಸು ದಾಖಲಿಸಿದರು.

ಕೇಸಿನ ಸರಿ ತಪ್ಪು ಏನೇ ಇರಲಿ, ಆ ತಂದೆಯ ಭಯ ಸುಳ್ಳಲ್ಲ. ಅದೇ ತಿಂಗಳ ಆರಂಭದಲ್ಲಿ ಪತ್ತನಂತಿಟ್ಟ ಜಿಲ್ಲೆಯ 12 ವರ್ಷದ ಬಾಲಕಿಯೊಬ್ಬಳು ಲಸಿಕೆ ಪಡೆಯುತ್ತಿದ್ದಾಗಲೇ ರೇಬೀಸ್‌ನಿಂದ ತೀರಿಕೊಂಡಿದ್ದಳು. ಮರುವರ್ಷ, 2023ರ ಜೂನ್ 11ರಂದು, ಪಕ್ಕದ ಕಣ್ಣೂರು ಜಿಲ್ಲೆಯ ಮುಝಪ್ಪಿಲಂಗಾಡ್‌ನಲ್ಲಿ ಮಾತು ಬಾರದ 11 ವರ್ಷದ ಬಾಲಕನನ್ನು ನಾಯಿಗಳ ಗುಂಪು ಕಚ್ಚಿ ಕೊಂದಿತು. ಸಹಾಯಕ್ಕೆ ಕೂಗಲೂ ಅವನಿಂದ ಆಗುತ್ತಿರಲಿಲ್ಲ.

ನಮ್ಮ ಮಕ್ಕಳು ಮದ್ರಸಕ್ಕೆ ಹೋಗುವ ಹೊತ್ತು ನೋಡಿ. ಶಾಲೆಯ ಬಸ್ಸು ಬರುವುದಕ್ಕೂ ಮೊದಲು, ರಸ್ತೆಯಲ್ಲಿ ಜನ ಇಲ್ಲದ ಹೊತ್ತಲ್ಲಿ ಅವರು ನಡೆದುಕೊಂಡು ಹೋಗುತ್ತಾರೆ. ಸುಬಹಿ ನಮಾಝಿಗೆ ಹೋಗುವ ಹಿರಿಯರು ಅದಕ್ಕೂ ಮೊದಲು, ಕತ್ತಲಲ್ಲೇ ಹೊರಡುತ್ತಾರೆ. ರಾತ್ರಿಯಿಡೀ ರಸ್ತೆಯನ್ನು ತಮ್ಮದಾಗಿಸಿಕೊಂಡ ನಾಯಿಗಳು ಇನ್ನೂ ಜಾಗ ಬಿಟ್ಟಿರುವುದಿಲ್ಲ. ಆದರೆ ಯಾವ ತಂದೆಯೂ ದಿನಾ ಏರ್‌ಗನ್ ಹಿಡಿದು ಮಕ್ಕಳ ಮುಂದೆ ನಡೆಯಲು ಆಗುವುದಿಲ್ಲ. ಎಷ್ಟೋ ತಂದೆಯಂದಿರು ದುಬೈಯಲ್ಲೋ ದಮಾಮ್‌ನಲ್ಲೋ ಇರುತ್ತಾರೆ. ಆದ್ದರಿಂದ ಮಗುವಿನ ರಕ್ಷಣೆ ಎರಡು ಸಂಗತಿಗಳ ಮೇಲೆ ನಿಂತಿದೆ: ನಾಯಿ ಎದುರಾದಾಗ ಏನು ಮಾಡಬೇಕು ಎಂದು ಮಗುವಿಗೆ ಗೊತ್ತಿರಬೇಕು, ಕಚ್ಚಿದರೆ ಮೊದಲ ಒಂದು ಗಂಟೆಯಲ್ಲಿ ಏನು ಮಾಡಬೇಕು ಎಂದು ಮನೆಯವರಿಗೆ ಗೊತ್ತಿರಬೇಕು.

ನಾಯಿ ಯಾಕೆ ಮೇಲೆ ಬೀಳುತ್ತದೆ?

ಬೀದಿ ನಾಯಿಗೆ ತನ್ನದೇ ಆದ ಗಡಿ ಉಂಟು. ಕೋಳಿ ಅಂಗಡಿಯ ಹಿಂಬದಿ, ಮೀನು ಮಾರುಕಟ್ಟೆ, ಕಸ ಬಿಸಾಡುವ ತಿರುವು, ಬಸ್ ಸ್ಟ್ಯಾಂಡಿನ ಮೂಲೆ, ಹೀಗೆ ಆಹಾರ ಸಿಗುವ ಜಾಗವೇ ಅದರ ಮನೆ. ಅಲ್ಲಿಗೆ ಬೇಗ ಬೇಗ ಬರುವವನು ಅದರ ಕಣ್ಣಿಗೆ ನುಗ್ಗಿ ಬಂದವನು. ಒಂಟಿ ನಾಯಿ ಬೊಗಳಿ ಸುಮ್ಮನಾಗಬಹುದು. ಐದಾರು ಸೇರಿದರೆ ಒಂದರ ಧೈರ್ಯ ಇನ್ನೊಂದಕ್ಕೆ ಬರುತ್ತದೆ.

ಓಡುವುದನ್ನು ಅಟ್ಟಿಸಿಕೊಂಡು ಹೋಗುವುದು ನಾಯಿಯ ಹುಟ್ಟುಗುಣ. ಓಡುವ ಮಗು, ಸೈಕಲ್, ಸ್ಕೂಟರಿನ ಚಕ್ರ, ಎಲ್ಲವೂ ಅದಕ್ಕೆ ಒಂದೇ.

ಕಾಲವನ್ನೂ ಗಮನಿಸಬೇಕು. ಕನ್ನಿ ತಿಂಗಳು ಅಂದರೆ ನಾಯಿಗಳ ತಿಂಗಳು ಎಂದು ನಮ್ಮ ಕಡೆ ಹೇಳುವುದುಂಟು. ಸೆಪ್ಟಂಬರ್-ಅಕ್ಟೋಬರ್‌ನಲ್ಲಿ ಹೆಣ್ಣು ನಾಯಿಯ ಹಿಂದೆ ಗಂಡು ನಾಯಿಗಳ ಗುಂಪು ಓಡಾಡುತ್ತದೆ, ತಮ್ಮೊಳಗೇ ಕಚ್ಚಾಡುತ್ತವೆ. ನಾಯಿಯ ಗರ್ಭ ಸುಮಾರು 63 ದಿನ. ಹಾಗಾಗಿ ನವೆಂಬರ್-ಡಿಸೆಂಬರ್ ಹೊತ್ತಿಗೆ ಮೋರಿ, ಹಳೇ ಕಟ್ಟಡ, ಮರಳಿನ ರಾಶಿಗಳಲ್ಲಿ ಮರಿಗಳಿರುತ್ತವೆ. ಮರಿ ಹಾಕಿದ ತಾಯಿ ನಾಯಿ, ದಿನಾ ನೋಡಿದ ಮುಖವಾದರೂ, ಹತ್ತಿರ ಬಂದರೆ ಸುಮ್ಮನಿರುವುದಿಲ್ಲ. ಮರಿಯನ್ನು ಎತ್ತಲು ಹೋದ ಮಗು ಕಚ್ಚಿಸಿಕೊಳ್ಳುವುದು ಹೀಗೆ.

ಎದುರಾದಾಗ ಮಾಡಬೇಕಾದ್ದು

ಇವನ್ನು ಮಕ್ಕಳಿಗೆ ಬಾಯಿಮಾತಿನಲ್ಲಿ ಹೇಳಿದರೆ ಸಾಲದು. ಅಂಗಳದಲ್ಲಿ ನಿಲ್ಲಿಸಿ ನಾಲ್ಕು ಸಲ ಮಾಡಿಸಿ. ಭಯವಾದಾಗ ತಲೆ ಓಡುವುದಿಲ್ಲ, ಅಭ್ಯಾಸ ಮಾತ್ರ ನೆನಪಾಗುತ್ತದೆ.

• ಓಡಬೇಡ. ನಾಯಿಗಿಂತ ವೇಗವಾಗಿ ಓಡಲು ನಮ್ಮಿಂದ ಆಗುವುದಿಲ್ಲ. ಓಡಿದರೆ ಬಿದ್ದುಬಿಡುತ್ತೇವೆ, ಬಿದ್ದರೆ ಮುಖ ಮತ್ತು ಕುತ್ತಿಗೆ ಅದರ ಬಾಯಿಯ ಮಟ್ಟಕ್ಕೆ ಬರುತ್ತದೆ.

• ಮರದ ಹಾಗೆ ನಿಲ್ಲು. ಕೈ ಎರಡೂ ದೇಹಕ್ಕೆ ಅಂಟಿರಲಿ, ಕಾಲು ಅಲ್ಲಾಡದಿರಲಿ, ಕೂಗಾಟ ಬೇಡ. ನಾಯಿಯ ಕಣ್ಣನ್ನೇ ದಿಟ್ಟಿಸಿ ನೋಡಬೇಡ, ಅದು ಸವಾಲು ಎಂದು ತಿಳಿಯುತ್ತದೆ. ನೆಲ ನೋಡು, ನಾಯಿ ಎಲ್ಲಿದೆ ಎಂಬುದು ಮಾತ್ರ ಕಣ್ಣಂಚಿನಲ್ಲಿ ಗೊತ್ತಿರಲಿ. ಹೆಚ್ಚಿನ ನಾಯಿಗಳು ಮೂಸಿ ಹೋಗಿಬಿಡುತ್ತವೆ.

• ಬೆನ್ನು ತೋರಿಸಬೇಡ. ನಾಯಿ ಸ್ವಲ್ಪ ಸಡಿಲವಾದ ಮೇಲೆ ನಿಧಾನವಾಗಿ, ಅಡ್ಡಡ್ಡವಾಗಿ ಹಿಂದೆ ಸರಿ. ಗೋಡೆ, ಗೇಟು, ನಿಲ್ಲಿಸಿದ ವಾಹನ ಇದ್ದರೆ ಅದಕ್ಕೆ ಬೆನ್ನು ಕೊಡು. ಆಗ ಗುಂಪು ಹಿಂದಿನಿಂದ ಬರಲು ಆಗುವುದಿಲ್ಲ.

• ನಡುವೆ ಏನಾದರೂ ಇಡು. ಮದ್ರಸದ ಬ್ಯಾಗ್, ಚಪ್ಪಲಿ, ಚೀಲ, ಯಾವುದಾದರೂ ಸರಿ. ಕಚ್ಚಲು ಬಂದರೆ ಅದರ ಬಾಯಿಗೆ ಬ್ಯಾಗ್ ಸಿಗಲಿ, ಕೈ ಸಿಗದಿರಲಿ. ಆರು ತಿಂಗಳು ಮಳೆ ಇರುವ ನಮ್ಮ ಊರಲ್ಲಿ ಕೊಡೆ ಎಲ್ಲರ ಕೈಯಲ್ಲೂ ಇರುತ್ತದೆ. ಎದುರಿಗೆ ಬಿಚ್ಚಿ ಹಿಡಿದ ಕೊಡೆ ಮಗುವಿಗೆ ಗುರಾಣಿಯ ಹಾಗೆ. ಮಳೆ ಇಲ್ಲದ ದಿನವೂ ಕೊಡೆ ಜೊತೆಗಿರಲಿ.

• ಬಿದ್ದುಬಿಟ್ಟರೆ ಕಲ್ಲಿನ ಹಾಗೆ ಮುದುಡು. ಮಂಡಿ ಹೊಟ್ಟೆಗೆ, ಗಲ್ಲ ಎದೆಗೆ, ಬೆರಳು ಹೆಣೆದ ಕೈಗಳು ಕುತ್ತಿಗೆಯ ಹಿಂದೆ, ಮೊಣಕೈಗಳು ಕಿವಿಯ ಮೇಲೆ. ತಲೆ, ಮುಖ, ಕುತ್ತಿಗೆ ಉಳಿಸಿಕೊಳ್ಳುವುದೇ ಇಲ್ಲಿ ಮುಖ್ಯ.

ಬಗ್ಗಿ ಕಲ್ಲು ಹೆಕ್ಕಿದ ಹಾಗೆ ಮಾಡುವುದು ನಮ್ಮ ಹಳೇ ಉಪಾಯ. ದೊಡ್ಡವರು ಮಾಡಿದಾಗ, ನಾಯಿ ದೂರದಲ್ಲಿ ಒಂದೇ ಇದ್ದಾಗ, ಎಷ್ಟೋ ಸಲ ಅದು ಕೆಲಸ ಮಾಡುತ್ತದೆ. ಆದರೆ ಚಿಕ್ಕ ಮಕ್ಕಳಿಗೆ ಇದನ್ನು ಕಲಿಸಬೇಡಿ. ಬಗ್ಗಿದ ಮಗುವಿನ ಮುಖ ನಾಯಿಗೆ ಹತ್ತಿರವಾಗುತ್ತದೆ. ಗುಂಪಿನ ಎದುರು, ಮರಿ ಇರುವ ತಾಯಿಯ ಎದುರು ಕಲ್ಲು ಎಸೆದರೆ ಅದು ಇನ್ನಷ್ಟು ಕೆರಳುತ್ತದೆ.

ಬೈಕಿನ ಹುಡುಗರಿಗೆ ಒಂದು ಮಾತು: ನಾಯಿ ಅಟ್ಟಿಸಿಕೊಂಡು ಬಂದಾಗ ಆ್ಯಕ್ಸಿಲರೇಟರ್ ತಿರುಗಿಸುವುದು, ಕಾಲು ಮೇಲೆತ್ತುವುದು, ಒದೆಯಲು ಹೋಗುವುದು, ಮೂರೂ ಬೀಳುವ ದಾರಿ. ವೇಗ ತಗ್ಗಿಸಿ, ಹ್ಯಾಂಡಲ್ ನೇರ ಹಿಡಿದುಕೊಳ್ಳಿ. ಚಕ್ರ ನಿಧಾನವಾದರೆ ಹೆಚ್ಚಿನ ನಾಯಿಗಳಿಗೆ ಅಟ್ಟುವ ಹುರುಪು ಇಳಿಯುತ್ತದೆ.

ಗಲ್ಫ್‌ನಿಂದ ರಜೆಗೆ ಬರುವ ಮಕ್ಕಳಿಗೆ ಇದು ಇನ್ನೂ ಮುಖ್ಯ. ಅಲ್ಲಿ ಫ್ಲ್ಯಾಟ್, ಕಾರು, ಶಾಲೆ ಬಿಟ್ಟು ಬೇರೆ ಕಾಣದ ಮಗು ಇಲ್ಲಿ ನಾಯಿ ಕಂಡರೆ ಒಂದೋ ಮುಟ್ಟಲು ಹೋಗುತ್ತದೆ, ಇಲ್ಲವೇ ಕಿರುಚಿ ಓಡುತ್ತದೆ. ಊರಿಗೆ ಬಂದ ಮೊದಲ ದಿನವೇ ಹೇಳಿಕೊಡಿ.

ನಾಯಿ ಸಾಕುವವರಿಗೆ

ನಮ್ಮಲ್ಲಿ ಮನೆಯೊಳಗೆ ನಾಯಿ ಸಾಕುವವರು ಕಡಿಮೆ. ಆದರೆ ಅಡಿಕೆ, ತೆಂಗಿನ ತೋಟದ ಕಾವಲಿಗೆ, ದನ ಆಡುಗಳ ರಕ್ಷಣೆಗೆ ನಾಯಿ ಇಟ್ಟುಕೊಂಡವರು ಉಂಟು. ಬೇಟೆ, ಜಾನುವಾರು, ಕೃಷಿಯ ಕಾವಲಿಗೆ ನಾಯಿ ಇಟ್ಟುಕೊಳ್ಳಲು ಧರ್ಮದಲ್ಲೂ ಅನುಮತಿಯಿದೆ.

ಕೇರಳದಲ್ಲಿ ನಾಯಿ ಸಾಕಲು ಪಂಚಾಯತ್ ಲೈಸೆನ್ಸ್ ಬೇಕು. 1998ರ ಪಂಚಾಯತ್ ರಾಜ್ ನಿಯಮಗಳಲ್ಲೇ ಇದು ಇದೆ. ರೇಬೀಸ್ ಲಸಿಕೆ ಹಾಕಿಸಿದ ಸರ್ಟಿಫಿಕೇಟ್ ಇಲ್ಲದೆ ಲೈಸೆನ್ಸ್ ಸಿಗುವುದಿಲ್ಲ. ಮರಿಗೆ ಮೂರು ತಿಂಗಳಾದಾಗ ಮೊದಲ ಲಸಿಕೆ, ನಂತರ ಪಶುವೈದ್ಯರು ಹೇಳಿದ ಹಾಗೆ ಬೂಸ್ಟರ್, ಆಮೇಲೆ ವರ್ಷಕ್ಕೊಮ್ಮೆ.

ತೋಟದ ನಾಯಿಯನ್ನು ಬೆಳಗ್ಗೆ "ಸ್ವಲ್ಪ ತಿರುಗಾಡಿ ಬರಲಿ" ಎಂದು ಬಿಚ್ಚಿ ಬಿಡುವ ಅಭ್ಯಾಸ ಹಲವರಿಗಿದೆ. ಅದೇ ಹೊತ್ತಿಗೆ ನೆರೆಮನೆಯ ಮಕ್ಕಳು ಮದ್ರಸಕ್ಕೆ ಹೊರಟಿರುತ್ತಾರೆ. ನಾವು ಬೀದಿ ನಾಯಿ ಎಂದು ಬೈಯುವ ನಾಯಿಗಳಲ್ಲಿ ಕೆಲವಕ್ಕೆ ಯಜಮಾನರು ಇದ್ದಾರೆ. ಸಾಕಿದ ಪ್ರಾಣಿಯಿಂದ ಜನರಿಗೆ ಅಪಾಯ ಆಗದಂತೆ ನೋಡಿಕೊಳ್ಳದಿರುವುದು ಭಾರತೀಯ ನ್ಯಾಯ ಸಂಹಿತೆಯ 291ನೇ ಸೆಕ್ಷನ್ ಪ್ರಕಾರ ಅಪರಾಧ. ಆರು ತಿಂಗಳವರೆಗೆ ಜೈಲು ಅಥವಾ 5000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ಆಗಬಹುದು.

ನಾಯಿಯನ್ನು ವಾಕಿಂಗ್ ಕರೆದೊಯ್ಯುವಾಗ ಗಿಡ್ಡ ಬೆಲ್ಟ್ ಇರಲಿ. ಬೀದಿ ನಾಯಿಗಳ ಗುಂಪು ದೂರದಲ್ಲಿ ಕಂಡ ಕೂಡಲೇ ದಾರಿ ಬದಲಿಸಿ. ಹತ್ತಿರ ಬಂದರೆ ನಿಮ್ಮ ನಾಯಿಯನ್ನು ಹಿಂದಕ್ಕೆ ಇಟ್ಟುಕೊಂಡು ನೀವು ನಡುವೆ ನಿಂತು ಕೊಡೆ ಬಿಚ್ಚಿ. ಚಿಕ್ಕ ನಾಯಿಯನ್ನು ತಟ್ಟನೆ ಎತ್ತಿಕೊಂಡರೆ ಉಳಿದವು ನಿಮ್ಮ ಎದೆ, ಮುಖದ ಮೇಲೆ ಹಾರುತ್ತವೆ. ಕಚ್ಚಾಟ ಶುರುವಾಗಿಬಿಟ್ಟರೆ ಎರಡರ ಬಾಯಿಯ ನಡುವೆ ಕೈ ಹಾಕಬೇಡಿ. ನೀರು ಎರಚಿ, ಜೋರಾಗಿ ಸದ್ದು ಮಾಡಿ. ನಿಮ್ಮ ನಾಯಿಗೆ ಗಾಯವಾದರೆ ಗ್ಲೌಸ್ ಹಾಕಿಕೊಂಡು ಸೋಪು ನೀರಲ್ಲಿ ತೊಳೆದು ಅದೇ ದಿನ ಪಶು ಆಸ್ಪತ್ರೆಗೆ ಒಯ್ಯಿರಿ. ಹಿಂದೆ ಲಸಿಕೆ ಹಾಕಿಸಿದ್ದರೂ ಮತ್ತೆ ಬೇಕಾಗುತ್ತದೆ.

ಕಚ್ಚಿದರೆ: ಮೊದಲ 15 ನಿಮಿಷ

ರೇಬೀಸ್ ವೈರಸ್ ಇರುವುದು ಜೊಲ್ಲಿನಲ್ಲಿ. ಗಾಯದ ಮೂಲಕ ಒಳಗೆ ಹೋದ ವೈರಸ್ ನರದ ದಾರಿ ಹಿಡಿದು ಮಿದುಳಿಗೆ ಸಾಗುತ್ತದೆ. ಸಾಮಾನ್ಯವಾಗಿ ಒಂದರಿಂದ ಮೂರು ತಿಂಗಳು ಬೇಕು, ಕೆಲವೊಮ್ಮೆ ಒಂದೇ ವಾರ ಸಾಕು, ಅಪರೂಪಕ್ಕೆ ಒಂದು ವರ್ಷವೂ ಆಗಬಹುದು. ಮುಖ, ತಲೆ, ಕುತ್ತಿಗೆ, ಕೈಬೆರಳುಗಳಲ್ಲಿ ನರಗಳು ಹೆಚ್ಚು. ಮುಖ, ತಲೆ, ಕುತ್ತಿಗೆಯಿಂದ ಮಿದುಳಿಗೆ ದೂರವೂ ಕಡಿಮೆ. ಮಕ್ಕಳಿಗೆ ಕಚ್ಚುವುದು ಹೆಚ್ಚಾಗಿ ಅಲ್ಲೇ, ಯಾಕೆಂದರೆ ಅವರು ಗಿಡ್ಡ. ರೋಗದ ಲಕ್ಷಣ ಶುರುವಾದ ಮೇಲೆ ಉಳಿಸುವ ಔಷಧ ಜಗತ್ತಿನಲ್ಲಿ ಎಲ್ಲೂ ಇಲ್ಲ. ಲಕ್ಷಣ ಬರುವ ಮೊದಲು ಸರಿಯಾಗಿ ಚಿಕಿತ್ಸೆ ಸಿಕ್ಕಿದರೆ ಹೆಚ್ಚುಕಡಿಮೆ ಎಲ್ಲರನ್ನೂ ಉಳಿಸಬಹುದು.

ಆ ಚಿಕಿತ್ಸೆ ಶುರುವಾಗುವುದು ಆಸ್ಪತ್ರೆಯಲ್ಲಲ್ಲ, ನಮ್ಮ ಮನೆಯ ನಳ್ಳಿಯ ಕೆಳಗೆ. ಹರಿಯುವ ನೀರು, ಬಟ್ಟೆ ಸೋಪು ಅಥವಾ ಮೈಸೋಪು, ಗಡಿಯಾರ ನೋಡಿ ಪೂರ್ತಿ 15 ನಿಮಿಷ. ಸೋಪು ವೈರಸ್‌ನ ಹೊರಪದರವನ್ನೇ ಕರಗಿಸುತ್ತದೆ. ಮಗು ಅತ್ತರೂ ನಿಲ್ಲಿಸಬೇಡಿ. ಆಮೇಲೆ ಇದ್ದರೆ ಪೊವಿಡೋನ್ ಅಯೋಡಿನ್ ಹಚ್ಚಿ. ಬ್ಯಾಂಡೇಜು ಬಿಗಿಯಾಗಿ ಕಟ್ಟಬೇಡಿ.

ಅರಶಿನ, ಮೆಣಸಿನ ಹುಡಿ, ಸುಣ್ಣ, ಎಣ್ಣೆ, ಕಾಫಿ ಹುಡಿ, ಸೊಪ್ಪಿನ ರಸ, ಯಾವುದೂ ಬೇಡ. ಇವು ಗಾಯವನ್ನು ಕೆರಳಿಸಿ ವೈರಸ್ ಒಳಗಿಳಿಯಲು ದಾರಿ ಮಾಡಿಕೊಡುತ್ತವೆ. ನಾಯಿಯ ಜೊಲ್ಲು ತಾಗಿದರೆ ಏಳು ಸಲ, ಅದರಲ್ಲಿ ಒಂದು ಸಲ ಮಣ್ಣು ಕಲಸಿದ ನೀರಿನಲ್ಲಿ ತೊಳೆಯಬೇಕು ಎಂಬುದು ನಮಗೆಲ್ಲ ಗೊತ್ತಿರುವ ಶುದ್ಧಿಯ ನಿಯಮ. ಅದು ನಮಾಝಿಗೆ ಬೇಕಾದ ಶುದ್ಧಿಯ ವಿಷಯ. ತೆರೆದ ಗಾಯಕ್ಕೆ ಮಣ್ಣು ತಾಗಿದರೆ ಧನುರ್ವಾಯು ಬರುವ ಅಪಾಯ ಉಂಟು. ಮೊದಲು ಸೋಪು ನೀರು, ಆಸ್ಪತ್ರೆ, ಚುಚ್ಚುಮದ್ದು. ಗಾಯವಿರುವಾಗ ಶುದ್ಧಿ ಹೇಗೆ ಎಂಬುದನ್ನು ಆಮೇಲೆ ಉಸ್ತಾದರಲ್ಲಿ ಕೇಳಿ ತಿಳಿದುಕೊಳ್ಳಿ.

ಲಸಿಕೆ ಒಂದೇ ಸಾಕಾ?

2025ರ ಏಪ್ರಿಲ್-ಮೇ ತಿಂಗಳಲ್ಲಿ ಮಲಪ್ಪುರಂ ಮತ್ತು ಕೊಲ್ಲಂ ಜಿಲ್ಲೆಗಳ ಇಬ್ಬರು ಪುಟ್ಟ ಮಕ್ಕಳು ಲಸಿಕೆ ಪಡೆದಿದ್ದರೂ ತೀರಿಕೊಂಡರು. ಆಗ "ಹಾಗಾದ್ರೆ ಲಸಿಕೆ ತೆಗೊಂಡು ಏನು ಪ್ರಯೋಜನ?" ಎಂಬ ಮಾತು ಎಲ್ಲೆಡೆ ಕೇಳಿಬಂತು. ಈ ಪ್ರಶ್ನೆಗೆ ಸರಿಯಾದ ಉತ್ತರ ಗೊತ್ತಿರಬೇಕು.

ಲಸಿಕೆ ಚುಚ್ಚಿದ ಕೂಡಲೇ ದೇಹ ಸಿದ್ಧವಾಗುವುದಿಲ್ಲ. ರೋಗದ ವಿರುದ್ಧ ಹೋರಾಡುವ ಶಕ್ತಿ ಹುಟ್ಟಲು ಒಂದು ವಾರಕ್ಕಿಂತ ಹೆಚ್ಚು ಸಮಯ ಬೇಕು. ತಲೆ, ಮುಖದ ಆಳವಾದ ಗಾಯದಲ್ಲಿ ವೈರಸ್ ಅಷ್ಟು ಕಾಯುವುದಿಲ್ಲ. ಈ ನಡುವಿನ ದಿನಗಳಿಗೆ ಇರುವುದೇ ಸೀರಮ್, ಅಂದರೆ ಇಮ್ಯುನೋಗ್ಲೋಬ್ಯುಲಿನ್. ಇದು ಸಿದ್ಧವಾಗಿಯೇ ಬರುವ ರಕ್ಷಣೆ. ಇದನ್ನು ಗಾಯದ ಒಳಗೆ ಮತ್ತು ಸುತ್ತಲೂ ಚುಚ್ಚುತ್ತಾರೆ.

ವೈದ್ಯರು ಗಾಯವನ್ನು ಮೂರು ವರ್ಗ ಮಾಡುತ್ತಾರೆ. ಗಾಯವಿಲ್ಲದ ಚರ್ಮವನ್ನು ನಾಯಿ ನೆಕ್ಕಿದರೆ, ಮುಟ್ಟಿದರೆ ಒಂದನೇ ವರ್ಗ: ತೊಳೆದರೆ ಸಾಕು. ರಕ್ತ ಬಾರದ ಗೀರು, ಚರ್ಮ ತರಚಿದ್ದು ಎರಡನೇ ವರ್ಗ: ಲಸಿಕೆ ಬೇಕು. ರಕ್ತ ಬಂದ ಕಡಿತ ಅಥವಾ ಗೀರು, ಇದ್ದ ಗಾಯದ ಮೇಲೆ ನೆಕ್ಕಿದ್ದು, ಬಾಯಿ ಕಣ್ಣಿಗೆ ಜೊಲ್ಲು ತಾಗಿದ್ದು ಮೂರನೇ ವರ್ಗ: ಲಸಿಕೆಯ ಜೊತೆ ಸೀರಮ್ ಕೂಡ ಬೇಕು. ರಕ್ತ ಬಂದಿದ್ದರೆ "ಸೀರಮ್ ಬೇಕಾಗುತ್ತದಾ ಡಾಕ್ಟ್ರೇ?" ಎಂದು ನೀವೇ ಕೇಳಿ. ಕೇಳುವುದಕ್ಕೆ ನಾಚಿಕೆ ಬೇಡ.

ಹತ್ತಿರದ ಆರೋಗ್ಯ ಕೇಂದ್ರದಲ್ಲಿ ಲಸಿಕೆ ಇದ್ದು ಸೀರಮ್ ಇಲ್ಲದಿರಬಹುದು. ಆಗ ದೊಡ್ಡ ಆಸ್ಪತ್ರೆಗೆ ಹೋಗಬೇಕಾಗುತ್ತದೆ: ಕಾಸರಗೋಡು ಜನರಲ್ ಆಸ್ಪತ್ರೆ, ಕಾಞಂಗಾಡು ಜಿಲ್ಲಾ ಆಸ್ಪತ್ರೆ, ಮಂಜೇಶ್ವರ ಕಡೆಯವರಿಗೆ ಮಂಗಳೂರಿನ ವೆನ್ಲಾಕ್. ಹೊರಡುವ ಮೊದಲು ಫೋನ್ ಮಾಡಿ ಕೇಳಿದರೆ ಅಲೆದಾಟ ತಪ್ಪುತ್ತದೆ. ಕೇರಳದ ಆರೋಗ್ಯ ಸಹಾಯವಾಣಿ ದಿಶಾದ ಸಂಖ್ಯೆ 1056. ಸೀರಮ್ ಮೊದಲ ದಿನವೇ ಸಿಗಬೇಕು. ಸಿಗದಿದ್ದರೆ ಲಸಿಕೆ ಶುರು ಮಾಡಿ, ಅಲ್ಲಿಂದ 7 ದಿನದೊಳಗೆ ಕೊಡಿಸಬಹುದು.

ಸರಕಾರಿ ಆಸ್ಪತ್ರೆಗಳಲ್ಲಿ ಚರ್ಮದೊಳಗೆ ಕೊಡುವ ಲಸಿಕೆಯನ್ನು ಮೊದಲ ದಿನ, ನಂತರ 3, 7 ಮತ್ತು 28ನೇ ದಿನ ಕೊಡುತ್ತಾರೆ. ಸ್ನಾಯುವಿಗೆ ಕೊಡುವ ಕ್ರಮದಲ್ಲಿ 14ನೇ ದಿನವೂ ಸೇರಿ ಐದು. ಒಂದು ಡೋಸ್ ತಲಪಾಡಿಯ ಆಚೆ, ಇನ್ನೊಂದು ಈಚೆ ತೆಗೆದುಕೊಳ್ಳುವವರು ಕಾರ್ಡ್ ತೋರಿಸಿ, ಯಾವ ಕ್ರಮದಲ್ಲಿ ಶುರುವಾಗಿದೆ ಎಂದು ಹೇಳಬೇಕು. ಗಾಯ ಒಣಗಿತು ಎಂದು ಕೊನೆಯ ಡೋಸ್ ಬಿಡಬೇಡಿ. ಹಿಂದೆಂದೋ ಪೂರ್ತಿ ಲಸಿಕೆ ಪಡೆದವರಿಗೆ ಮತ್ತೆ ಕಚ್ಚಿದರೆ ಎರಡೇ ಡೋಸ್ ಸಾಕಾಗಬಹುದು, ಸೀರಮ್ ಬೇಡ. ಆದ್ದರಿಂದ ಹಳೇ ಕಾರ್ಡ್ ಬಿಸಾಡಬೇಡಿ.

ಹೊಕ್ಕುಳ ಸುತ್ತ 14 ಇಂಜೆಕ್ಷನ್ ಎಂಬುದು ಅಜ್ಜಂದಿರ ಕಾಲದ ಕಥೆ. ಈಗ ಕೈಗೆ, ಚಿಕ್ಕ ಮಕ್ಕಳಿಗಾದರೆ ತೊಡೆಗೆ. ಮೀನು, ಮಾಂಸ ಬಿಡಬೇಕೆಂಬ ಪಥ್ಯವೂ ಇಲ್ಲ. ನೂಲು ಕಟ್ಟಿಸುವುದು, ನಾಟಿ ಮದ್ದು ಎಂದು ತಿರುಗಿ ದಿನ ಕಳೆದವರ ಪ್ರಾಣಕ್ಕೇ ಅಪಾಯ ಬಂದೀತು.

ಬೆಕ್ಕನ್ನು ಮರೆಯಬೇಡಿ

ನಾಯಿಯನ್ನು ದೂರ ಇಡುವ ನಮ್ಮ ಮನೆಗಳಲ್ಲಿ ಬೆಕ್ಕು ಮಾತ್ರ ಮಕ್ಕಳ ಜೊತೆ ಒಂದೇ ಚಾಪೆಯಲ್ಲಿ ಮಲಗುತ್ತದೆ. ರಾತ್ರಿ ಅದು ಹೊರಗೆ ಎಲ್ಲಿ ಕಚ್ಚಿಸಿಕೊಂಡು ಬಂತು ಎಂದು ಯಾರಿಗೂ ಗೊತ್ತಿರುವುದಿಲ್ಲ. ಬೆಕ್ಕಿನಿಂದಲೂ ರೇಬೀಸ್ ಬರುತ್ತದೆ. ಬೆಕ್ಕು ಪಂಜ ನೆಕ್ಕಿಕೊಳ್ಳುವುದರಿಂದ ಅದರ ಉಗುರಿನ ಗೀರನ್ನೂ ಕಡೆಗಣಿಸಬಾರದು. ಕಚ್ಚಿದರೆ, ಗೀರಿದರೆ ನಾಯಿಗೆ ಹೇಳಿದ ನಿಯಮವೇ ಇದಕ್ಕೂ. ಸಾಕು ಬೆಕ್ಕಿಗೂ ವರ್ಷಕ್ಕೊಮ್ಮೆ ಲಸಿಕೆ ಹಾಕಿಸಿ.

ಕಾನೂನು ಏನು ಹೇಳುತ್ತದೆ?

ಮೇಲೆ ಬಿದ್ದ ನಾಯಿಯಿಂದ ಜೀವ ಉಳಿಸಿಕೊಳ್ಳಲು ಕೋಲು ಬೀಸುವುದು ಬೇರೆ. ಸುಮ್ಮನೆ ಮಲಗಿದ ನಾಯಿಗೆ ವಿಷ ಹಾಕುವುದು, ಹೊಡೆದು ಕೊಲ್ಲುವುದು ಬೇರೆ. ಎರಡನೆಯದು ನ್ಯಾಯ ಸಂಹಿತೆಯ 325ನೇ ಸೆಕ್ಷನ್ ಪ್ರಕಾರ ಐದು ವರ್ಷದವರೆಗೆ ಜೈಲಾಗಬಹುದಾದ ಅಪರಾಧ. ಬಾಯಾರಿದ ನಾಯಿಗೆ ಬಾವಿಯಿಂದ ನೀರು ಕೊಟ್ಟವನ ಪಾಪ ಮನ್ನಿಸಲ್ಪಟ್ಟ ಹದೀಸ್ ನಾವು ಮದ್ರಸದಲ್ಲೇ ಕಲಿತದ್ದು. ಮಕ್ಕಳು ನಾಯಿಗೆ ಕಲ್ಲು ಹೊಡೆದು ಆಟವಾಡುವುದನ್ನು ನಿಲ್ಲಿಸಿ. ಕಲ್ಲು ತಿಂದ ನಾಯಿ ಮರುದಿನ ಅದೇ ದಾರಿಯಲ್ಲಿ ಇರುತ್ತದೆ.

ನಾಯಿಗಳ ಸಂಖ್ಯೆ ತಗ್ಗಿಸುವ ಹೊಣೆ ಪಂಚಾಯತ್ ಮತ್ತು ನಗರಸಭೆಗಳದ್ದು. 2023ರ ಎಬಿಸಿ ನಿಯಮಗಳ ಪ್ರಕಾರ ನಾಯಿಗಳನ್ನು ಹಿಡಿದು, ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿ, ಲಸಿಕೆ ಹಾಕಬೇಕು. ಕೇರಳದಲ್ಲಿ ಈ ಕೆಲಸವನ್ನು ಕುಟುಂಬಶ್ರೀ ಘಟಕಗಳು ಮಾಡುತ್ತಿದ್ದವು. ಕೇಂದ್ರದ ಪ್ರಾಣಿ ಕಲ್ಯಾಣ ಮಂಡಳಿಯ ಮಾನ್ಯತೆ ಇಲ್ಲ ಎಂಬ ಕಾರಣಕ್ಕೆ 2021ರಲ್ಲಿ ಹೈಕೋರ್ಟ್ ತಡೆದ ಮೇಲೆ ಕೆಲಸ ಹಿಂದೆ ಬಿತ್ತು. 2025ರ ನವೆಂಬರ್ 7ರಂದು ಸುಪ್ರೀಂ ಕೋರ್ಟ್ ಶಿಕ್ಷಣ ಸಂಸ್ಥೆ, ಆಸ್ಪತ್ರೆ, ಬಸ್ ನಿಲ್ದಾಣ, ರೈಲ್ವೇ ನಿಲ್ದಾಣ, ಕ್ರೀಡಾ ಸಂಕೀರ್ಣಗಳ ಆವರಣದಿಂದ ಬೀದಿ ನಾಯಿಗಳನ್ನು ತೆಗೆದು, ಮತ್ತೆ ಅದೇ ಜಾಗಕ್ಕೆ ಬಿಡಬಾರದು ಎಂದು ಆದೇಶಿಸಿತು. ಗ್ರಾಮಸಭೆಯಲ್ಲಿ ಇದನ್ನು ಹೆಸರಿಸಿ ಕೇಳುವ ಹಕ್ಕು ನಮಗಿದೆ. ಬಾಯಲ್ಲಿ ಹೇಳಿ ಬಂದರೆ ದಾಖಲೆ ಇರುವುದಿಲ್ಲ. ಬರೆದು ಕೊಟ್ಟು ರಶೀದಿ ತೆಗೆದುಕೊಳ್ಳಿ.

ಕೇರಳದಲ್ಲಿ ಬೀದಿ ನಾಯಿ ಕಚ್ಚಿದವರ ಪರಿಹಾರದ ಅರ್ಜಿಗಳನ್ನು ನೋಡಲು 2016ರಲ್ಲಿ ಸುಪ್ರೀಂ ಕೋರ್ಟ್ ಜಸ್ಟಿಸ್ ಸಿರಿಜಗನ್ ಸಮಿತಿಯನ್ನು ನೇಮಿಸಿತ್ತು. ಪರಿಹಾರ ಕೇಳುವವರು ಒಪಿ ಚೀಟಿ, ಲಸಿಕೆ ಕಾರ್ಡ್, ಗಾಯದ ಫೋಟೊ, ಬಿಲ್‌ಗಳನ್ನು ಜೋಪಾನ ಮಾಡಿ, ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ವಿಚಾರಿಸಬಹುದು. ಅಲ್ಲಿ ಸಲಹೆ ಉಚಿತ.

ಜಮಾಅತ್ ಕಮಿಟಿ, ಯುವಕರ ಸಂಘ ಮಾಡಬಹುದಾದ್ದು

ಇವಕ್ಕೆ ದೊಡ್ಡ ಖರ್ಚಿಲ್ಲ.

• ಒಂದೇ ದಾರಿಯ ಮಕ್ಕಳು ಒಟ್ಟಿಗೆ ಹೊರಡಲಿ, ಪ್ರತಿ ಗುಂಪಿಗೂ ಸರದಿಯಲ್ಲಿ ಒಬ್ಬ ದೊಡ್ಡವರು ಇರಲಿ.

• ಮದ್ರಸದ ನಳ್ಳಿಯ ಬಳಿ ಸದಾ ಸೋಪು ಇರಲಿ. ಉಸ್ತಾದರು ವರ್ಷಕ್ಕೆ ಎರಡು ಸಲವಾದರೂ ಮರ-ಕಲ್ಲಿನ ಪಾಠ ಮಾಡಿಸಲಿ. ಹತ್ತು ನಿಮಿಷ ಸಾಕು.

• ಮದುವೆಯ ಬಿರಿಯಾಣಿ, ಕೋಳಿ ತ್ಯಾಜ್ಯ, ಬಕ್ರೀದ್‌ನ ಕುರ್ಬಾನಿಯ ಉಳಿಕೆಯನ್ನು ಆಳವಾಗಿ ಹೂಳಿ. ಮೋರಿಗೆ, ತೋಡಿಗೆ ಎಸೆದರೆ ಮರುವಾರವೇ ಅಲ್ಲಿ ನಾಯಿಗಳ ಗುಂಪು ಬೀಡುಬಿಟ್ಟಿರುತ್ತದೆ.

• ಪಂಚಾಯತ್ ನಾಯಿಗಳಿಗೆ ಲಸಿಕೆ ಹಾಕಲು ಬಂದಾಗ ಯುವಕರು ನಾಯಿಗಳಿರುವ ಜಾಗ ತೋರಿಸಿಕೊಡಿ. ಒಂದು ಊರಿನ 70 ಶೇಕಡಾ ನಾಯಿಗಳಿಗೆ ಲಸಿಕೆ ಸಿಕ್ಕಿದರೆ ರೇಬೀಸ್ ಹರಡುವುದು ನಿಲ್ಲುತ್ತದೆ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ನಮ್ಮ ಪಕ್ಕದ ಗೋವಾ ವರ್ಷ ವರ್ಷವೂ ಬಿಡದೆ ಲಸಿಕೆ ಹಾಕಿಸಿ ರೇಬೀಸ್ ಸಾವುಗಳನ್ನು ತಗ್ಗಿಸಿ ತೋರಿಸಿದೆ.

ಕೊನೆಗೆ ಮನೆಯವರಿಗೆ ಒಂದು ಮಾತು. ಮಕ್ಕಳು ಕಡಿತವನ್ನು ಮುಚ್ಚಿಡುತ್ತಾರೆ. ಇಂಜೆಕ್ಷನ್ ಭಯ ಒಂದು, "ನೀನು ಯಾಕೆ ಆ ದಾರಿಯಲ್ಲಿ ಹೋದೆ?" ಎಂದು ಉಮ್ಮ ಬೈಯುತ್ತಾರೆ ಎಂಬ ಭಯ ಇನ್ನೊಂದು. ಪ್ಯಾಂಟಿನ ಒಳಗೆ ಒಂದು ಸಣ್ಣ ಗೀರು, ಹೇಳದೇ ಹೋದರೆ ಯಾರಿಗೂ ಕಾಣುವುದಿಲ್ಲ. ಅದಕ್ಕೆ ಇವತ್ತೇ ಮಕ್ಕಳನ್ನು ಕೂರಿಸಿ ಹೇಳಿ: ನಾಯಿಯೋ ಬೆಕ್ಕೋ ಕಚ್ಚಿದರೆ, ಗೀರಿದರೆ ಕೂಡಲೇ ಬಂದು ಹೇಳು, ಯಾರೂ ಬೈಯುವುದಿಲ್ಲ. ಹೇಳಿದ ಮೇಲೆ ನಿಜವಾಗಿಯೂ ಬೈಯಬೇಡಿ. ಒಮ್ಮೆ ಬೈಸಿಕೊಂಡ ಮಗು ಮುಂದಿನ ಸಲ ಹೇಳುವುದಿಲ್ಲ.